ಒಳಗೆ ಬಿಟ್ಟ ಬಟ್ಟೆ

ಜೂನ್ ೨

ಸೊಸೆಗೆ,

ನನ್ನ ಕೈಯಲ್ಲಿ ಕಾಗದ ಬರೆಸುವ ಬುದ್ಧಿ ನಿನಗೆ ಯಾರು ಕೊಟ್ಟರೋ ಕಾಣೆ. ನಾಲ್ಕನೇ ತರಗತಿಗೇ ಶಾಲೆಗೆ ಬೆನ್ನು ತೋರಿಸಿದವಳು ನಾನು. ಕತ್ತರಿ ಹಿಡಿದು ಹಿಡಿದು ಮಡಿಚಿಕೊಂಡಿರುವ ಬೆರಳಿಗೆ ಪೆನ್ನು ಹಿಡಿ ಎಂದರೆ ಅದು ಸೆಟೆದುಕೊಳ್ಳುತ್ತದೆ. ಫೋನಿನಲ್ಲಿ ಮಾತಾಡಿ ಮುಗಿಸುವುದನ್ನು ಬಿಟ್ಟು ಇದೆಂಥ ಶಿಕ್ಷೆ ಎಂದುಕೊಂಡೆ. ಆಮೇಲೆ ಯೋಚಿಸಿದರೆ ನೀನು ಹೇಳಿದ್ದೂ ಸರಿಯೇ. ನನ್ನ ಕಿವಿಗೆ ಕೇಳಬೇಕಾದರೆ ಫೋನನ್ನು ಜೋರು ಮಾಡಬೇಕು. ಜೋರು ಮಾಡಿದರೆ ನಿನ್ನ ಗಂಡ ಪಕ್ಕದಲ್ಲೇ ನಿಂತು ಎಲ್ಲದಕ್ಕೂ ಬಾಯಿ ಹಾಕುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಕ್ಕರೆ ಜೋಕೆ.

(ಅವನು ನೆಟ್ಟಗೆ ಇದ್ದಾಗ ನನ್ನ ಮಗ, ವಕ್ರ ಆಡಿದಾಗ ನಿನ್ನ ಗಂಡ. ಇದನ್ನು ನೆನಪಿಟ್ಟುಕೊಂಡೇ ಕಾಗದ ಓದು.)

ವಿಷಯಕ್ಕೆ ಬರುತ್ತೇನೆ. ಕಾಲೇಜಿನ ಕಂಪ್ಯೂಟರ್ ಕೋಣೆಗೆ ಸಂಜೆಯೇ ಬೀಗ ಬೀಳುತ್ತದೆ, ನಕ್ಷೆ ಬರೆಯುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಸ್ವಂತದ್ದೊಂದು ಲ್ಯಾಪ್‌ಟಾಪ್ ಇಲ್ಲದೆ ಆಗುವುದಿಲ್ಲ ಎಂದು ನೀನು ಹೇಳಿದೆಯಲ್ಲ. ನಿನ್ನ ಗಂಡ ಏನು ಮಾಡಿದ ಗೊತ್ತೇ? ಅವನ ಸಾರಿಗೆ ಆಫೀಸಿನಲ್ಲಿ ಮೂಲೆಗೆ ಎಸೆದಿದ್ದ ಹಳೆಯದೊಂದನ್ನು ಹೊತ್ತು ತಂದ. ಅದರ ಮುಚ್ಚಳ ತೆರೆದರೆ ಹಿಂದಕ್ಕೆ ಬೀಳುತ್ತದೆ, ಕಲಿಯುವವಳು ಅದಕ್ಕೆ ಇಟ್ಟಿಗೆ ಒತ್ತು ಕೊಡಬೇಕು. ಒತ್ತಿದ ಗುಂಡಿಗೆ ಅದು ಉತ್ತರ ಕೊಡುವಷ್ಟರಲ್ಲಿ ನಾನೊಂದು ತೋಳು ಹೊಲಿದು ಮುಗಿಸುತ್ತೇನೆ. "ಅವಳಿಗೆ ಇಷ್ಟು ಸಾಕಮ್ಮ, ಏನು ದೊಡ್ಡ ಕೆಲಸ," ಎಂದ. ಅದನ್ನು ಅವನ ಮಂಚದ ಕೆಳಗೇ ತಳ್ಳಿದ್ದೇನೆ. ಹೊಸದು ನಾನು ಕೊಡಿಸುತ್ತೇನೆ. ಹಣದ ಮಾತು ಎತ್ತಿದರೆ ಕಾಗದ ಹರಿದು ಹಾಕುತ್ತೇನೆ.

ನಿನ್ನೆ ಅಂಗಡಿಗೂ ಹೋಗಿದ್ದೆ. ಗಾಜಿನ ಬಾಗಿಲು, ಒಳಗೆಲ್ಲ ಚಳಿ, ಸಾಲಾಗಿ ಬಾಯಿ ತೆರೆದು ಕೂತ ಲ್ಯಾಪ್‌ಟಾಪುಗಳು. ಅಲ್ಲಿದ್ದ ಮನುಷ್ಯ ಕೇಳಿದ, "ಪ್ರೊಸೆಸರ್ ಯಾವುದು ಬೇಕಮ್ಮ? ಮೆಮೊರಿ ಎಷ್ಟು?"

"ಅಂಗಡಿ ನಿಂದೋ ನಂದೋ? ನೀನೇ ಹೇಳಪ್ಪ."

"ಯಾರಿಗೆ? ಮೊಮ್ಮಗನಿಗಾ?"

"ಸೊಸೆಗೆ. ಓದ್ತಿದ್ದಾಳೆ."

"ಓ, ಸೊಸೆಗಾ! ಹಾಗಾದ್ರೆ ಚಿಕ್ಕದೇ ಸಾಕು ಬಿಡಿ."

ಅವನ ಮುಖವನ್ನೇ ನೋಡಿ ಎದ್ದು ಬಂದೆ. ಎಂಟು ವರ್ಷ ಆ ಕಟ್ಟಡ ಕಟ್ಟಿಸುವವನ ಆಫೀಸಿನಲ್ಲಿ ಕೂತು ಬೇರೆಯವರ ನಕ್ಷೆ ನಕಲು ಮಾಡಿದವಳು ನೀನು. ಒಂದು ಹಾಳೆಯ ಮೂಲೆಯಲ್ಲಾದರೂ ನಿನ್ನ ಹೆಸರು ಬಂತೇ? ಮೂವತ್ತು ದಾಟಿದ ಮೇಲೆ ಪುಸ್ತಕದ ಚೀಲ ಹೊತ್ತು ಹೋಗಿದ್ದೀಯ, ಚಿಕ್ಕದಕ್ಕಲ್ಲ. ಏನು ಬೇಕೋ ಬಿಡಿಸಿ ಬರಿ, ಹತ್ತನೇ ತಾರೀಖಿನೊಳಗೆ.

ಅತ್ತೆ


ಜೂನ್ ೯

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಇಲ್ಲಿ ನನ್ನ ಕೋಣೆಯವಳು ಏಕೆ ನಗುತ್ತಿದ್ದೀಯ ಎಂದು ಕೇಳಿದಳು. ಅಕ್ಷರಕ್ಕೆ ನಕ್ಕಿಲ್ಲ, ಆಣೆ. ಇಟ್ಟಿಗೆಗೆ ನಕ್ಕೆ.

ನಮ್ಮ ಹೊಲಿಗೆ ಅಂಗಡಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಪ್ರೊಸೆಸರ್ ಅಂದರೆ ಹೊಲಿಗೆ ಯಂತ್ರದ ಮೋಟರ್ ಇದ್ದ ಹಾಗೆ. ಅದು ಚುರುಕಾಗಿದ್ದಷ್ಟೂ ಕೆಲಸ ಬೇಗ. ಮೆಮೊರಿ ಅಂದರೆ ನೀವು ಬಟ್ಟೆ ಹರಡಿ ಕತ್ತರಿಸುವ ಮೇಜು. ಮೇಜು ದೊಡ್ಡದಿದ್ದರೆ ಪೂರ್ತಿ ಬಟ್ಟೆ ಹರಡಬಹುದು, ಅಳತೆ ಚೀಟಿ, ಸೀಮೆಸುಣ್ಣ, ಕತ್ತರಿ ಎಲ್ಲ ಕೈಗೆ ಸಿಗುವ ಹಾಗೆ ಇಡಬಹುದು. ಚಿಕ್ಕದಾದರೆ ಒಂದನ್ನು ಮಡಿಚಿಟ್ಟು ಇನ್ನೊಂದನ್ನು ಬಿಚ್ಚಬೇಕು. ಮೋಟರ್ ಎಷ್ಟೇ ಜೋರಾಗಿದ್ದರೂ ಮೇಜು ಚಿಕ್ಕದಾದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಅಂಗಡಿಯವರು ಹೊಸ ಪ್ರೊಸೆಸರ್ ಎಂದು ಮೋಟರನ್ನೇ ಹೊಗಳುತ್ತಾರೆ, ಮೇಜಿನ ಮಾತು ಆಡುವುದಿಲ್ಲ. ನೀವು ಅದಕ್ಕೆ ಮರುಳಾಗಬೇಡಿ. ಪ್ರೊಸೆಸರ್ ಮಧ್ಯಮದ್ದು ಸಾಕು, ಹೋದ ವರ್ಷದ್ದಾದರೂ ತೊಂದರೆಯಿಲ್ಲ.

ಮೆಮೊರಿ ಹದಿನಾರು ಇರಲಿ ಎಂದು ನಮ್ಮ ಮೇಷ್ಟರು ತರಗತಿಗೆಲ್ಲ ಹೇಳಿದ್ದಾರೆ. ಅದು ಎರಡನೇ ವರ್ಷಕ್ಕೆ. ಆಗ ಕಟ್ಟಡವನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡುವ ಹಾಗೆ ಕಟ್ಟಬೇಕಂತೆ. ಮೊದಲ ವರ್ಷದ್ದು ಬರಿ ಗೆರೆಯ ಕೆಲಸ. ನನಗೆ ಎಂಟು ಸಾಕು.

ನನ್ನ ಮಗಳು ಗುಂಡಿ ಸರಿಯಾಗಿ ಊಟ ಮಾಡುತ್ತಿದ್ದಾಳಾ? ನನಗೆ ಬೇಜಾರಾಗಬಾರದು ಎಂದು ಏನನ್ನೂ ಮುಚ್ಚಿಡಬೇಡಿ. ನಿಮ್ಮ ಕಣ್ಣು ಹೇಗಿದೆ?

ನಿಮ್ಮ
ಸೊಸೆ


ಜೂನ್ ೧೫

ಸೊಸೆಗೆ,

ತಗೊಂಡೆ! ಹೊಟ್ಟೆ ತುಂಬ ನಗು. ನೀನು ಎಂಟು ಕೇಳಿದ್ದೆ, ನಾನು ನಿನಗೆ ಐನೂರ ಹನ್ನೆರಡು ತಂದಿದ್ದೇನೆ.

ಅದೇ ಅಂಗಡಿಗೆ ಹೋದೆ, ಅದೇ ಮನುಷ್ಯ. ಅವನ ಕಾಲರ್ ಒಂದು ಕಡೆಗೆ ಎಳೆದುಕೊಂಡಿದೆ, ಯಾವ ಪುಣ್ಯಾತ್ಮ ಹೊಲಿದನೋ. ಪ್ರೊಸೆಸರ್ ಹೊಸದು, ಹಾರುತ್ತದೆ, ಓಡುತ್ತದೆ ಎಂದು ಶುರು ಮಾಡಿದ. "ಓಡೋದು ಬೇಡ, ಕೂತು ಕೆಲಸ ಮಾಡಿದ್ರೆ ಸಾಕು. ಮೆಮೊರಿ ಎಷ್ಟು ಹೇಳು," ಎಂದೆ. ಮೆಮೊರಿ ಎಂಬ ಮಾತು ನನ್ನ ಬಾಯಿಂದ ಬಂದಾಗ ಅವನ ಮುಖ ನೋಡಬೇಕಿತ್ತು.

"ಐನೂರ ಹನ್ನೆರಡು ಅಮ್ಮ."

"ನನಗೆ ಬೇಕಾಗಿದ್ದು ಎಂಟು."

"ಐನೂರ ಹನ್ನೆರಡರಲ್ಲಿ ಎಂಟು ಬಂದೇ ಬಂತಲ್ಲಮ್ಮ," ಎಂದು ಹಲ್ಲು ಕಿರಿದ. ನನಗೂ ಸರಿ ಅನಿಸಿತು. ಕಟ್ಟಿಸಿಕೊಂಡು ಬಂದೆ. ನಿಮ್ಮ ಮೇಷ್ಟರಿಗೆ ಹೇಳು, ಹದಿನಾರಕ್ಕೇ ಅಷ್ಟು ಬೀಗುವುದು ಬೇಡ, ನಮ್ಮ ಅತ್ತೆ ಏನು ಕಳಿಸಿದ್ದಾರೆ ನೋಡಿ ಅಂತ.

ಇನ್ನೂ ಪಾರ್ಸೆಲ್ ಮಾಡಿಲ್ಲ. ಅಂಗಡಿಯವರು ಕೊಟ್ಟ ಚೀಲ ಗೋಣಿಗಿಂತ ಕಡೆ. ಡಬ್ಬ ಬಿಚ್ಚಿ ಅಳತೆ ತೆಗೆದು ದಪ್ಪ ಬಟ್ಟೆಯಲ್ಲಿ ಒಂದು ಚೀಲ ಹೊಲಿಯುತ್ತಿದ್ದೇನೆ. ಒಳಗೆ ಮೆತ್ತೆ, ಹೊರಗೆ ನಿನ್ನ ಕಡುನೀಲಿ ಕೋಟು ಹೊಲಿದು ಮಿಕ್ಕ ತುಂಡು. ಅದಕ್ಕೆ ಯಾವ ಗುಂಡಿ ಹಾಕಬೇಕೆಂದು ನಮ್ಮ ಗುಂಡಿ ಡಬ್ಬಿಯನ್ನೆಲ್ಲ ನೆಲಕ್ಕೆ ಸುರಿದು ಹುಡುಕುತ್ತಿದ್ದಾಳೆ. "ಅಜ್ಜಿ, ಅಮ್ಮ ಅದ್ರಲ್ಲಿ ಮನೆ ಮಾಡಿದ್ರೆ ಬಾಗಿಲು ತೆಗೆಯುತ್ತಾ?" ಎಂದು ಕೇಳಿದಳು. ತೆಗೆಯುತ್ತದೆ ಎಂದೆ. ತೆಗೆಯುತ್ತದೆ ತಾನೆ?

ಅವಳ ಊಟಕ್ಕೇನು ಬಂದಿದೆ? ತಟ್ಟೆ ನೆಕ್ಕಿ ಇಡುತ್ತಾಳೆ, ನನ್ನ ತಟ್ಟೆಗೂ ಕೈ ಹಾಕುತ್ತಾಳೆ. ಮುಚ್ಚಿಡುವುದು ಏನಿದೆ ಇದರಲ್ಲಿ? ನನ್ನ ಕಣ್ಣು ಕೇಳಿದ್ದೀಯ. ಎರಡೂ ಮುಖದ ಮೇಲೇ ಇವೆ. ಇಂಥ ಪ್ರಶ್ನೆಗಳು ನಿನ್ನ ತಲೆಗೆ ಎಲ್ಲಿಂದ ಬಂದವು?

ಅತ್ತೆ


ಜೂನ್ ೨೨

ಅತ್ತೆಯವರಿಗೆ ನಮಸ್ಕಾರಗಳು.

ಬಾಗಿಲು ತೆಗೆಯುತ್ತದೆ. ಗುಂಡಿಗೆ ಹೇಳಿ, ಕಿಟಕಿಯೂ ತೆಗೆಯುತ್ತದೆ.

ನೀವು ಅಷ್ಟು ಖುಷಿಯಾಗಿ ಬರೆದಿದ್ದನ್ನು ನೋಡಿ ಇದನ್ನು ಹೇಳಲು ಮನಸ್ಸೇ ಬರುತ್ತಿಲ್ಲ. ಐನೂರ ಹನ್ನೆರಡು ಎನ್ನುವುದು ಮೇಜಲ್ಲ ಅತ್ತೆ, ಕಪಾಟು. ಹೊಲಿದದ್ದು, ಹೊಲಿಯಬೇಕಾದದ್ದು ಎಲ್ಲವನ್ನೂ ಮಡಿಚಿ ಇಡುವ ಜಾಗ. ಅದನ್ನೂ ಎಷ್ಟೋ ಜನ ಮೆಮೊರಿ ಎಂದೇ ಕರೆಯುತ್ತಾರೆ, ಅದಕ್ಕೇ ಈ ಗೊಂದಲ. ತಪ್ಪು ನನ್ನದು, ನಾನು ಕಪಾಟಿನ ವಿಷಯ ಬರೆಯಲೇ ಇಲ್ಲ. ಡಬ್ಬದ ಮೇಲೆ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ರ್‍ಯಾಮ್ ಎಂದಿರುವ ಸಾಲಿನಲ್ಲಿ ಎಷ್ಟಿದೆ ನೋಡಿ. ಮೇಜು ಅದೇ.

ಎಂಟು ಇದ್ದರೆ ಹಾಗೇ ಕಳಿಸಿಬಿಡಿ. ಅಂಗಡಿಯವನ ಜೊತೆ ಜಗಳ ಬೇಡ. ಈಗಿನ ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಒಳಗಿನ ಹಲಗೆಗೇ ಬೆಸೆದುಬಿಟ್ಟಿರುತ್ತಾರೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಪರವಾಗಿಲ್ಲ. ನನಗೆ ಮುಂದೆ ಬೇಕಾಗುವುದಿಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ.

ನಿಮ್ಮ
ಸೊಸೆ


ಜೂನ್ ೨೭

ಸೊಸೆಗೆ,

ಕಪಾಟು! ಇಡೀ ಬೀದಿಗೆ ಐನೂರ ಹನ್ನೆರಡು ಎಂದು ಸಾರಿಕೊಂಡು ಬಂದಿದ್ದೇನೆ ನಾನು. ಇರಲಿ. ಚೀಟಿ ನೋಡಿದೆ, ಗುಂಡಿ ಅಕ್ಷರ ಕೂಡಿಸಿ ಓದಿದಳು. ಎಂಟೇ ಇದೆ.

ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಹೋದೆ. ನೀನು ಬರೆದ ಬೆಸುಗೆಯ ಮಾತು ತಲೆಯಲ್ಲೇ ಕೊರೆಯುತ್ತಿತ್ತು. ಆ ಮನುಷ್ಯನಿಗೆ ಕೇಳಿದೆ, "ಇದಕ್ಕೆ ಒಳಗೆ ಬಟ್ಟೆ ಬಿಟ್ಟಿದ್ದಾರೇನಪ್ಪ?"

"ಬಟ್ಟೆನಾ? ಲ್ಯಾಪ್‌ಟಾಪ್ ಒಳಗಾ?"

"ನಿನ್ನ ಪ್ಯಾಂಟಿನ ಸೊಂಟ ಬಿಚ್ಚಿ ಅಗಲ ಮಾಡಿಸಿದ್ದೀಯಲ್ಲ, ಹಳೆ ಹೊಲಿಗೆ ಗೆರೆ ಇನ್ನೂ ಕಾಣ್ತಿದೆ. ಒಳಗೆ ಬಟ್ಟೆ ಬಿಟ್ಟಿದ್ರಿಂದ ತಾನೆ ನಿನ್ನ ಮಾನ ಉಳೀತು? ಹಾಗೆ ಇದನ್ನ ನಾಳೆ ಅಗಲ ಮಾಡೋಕೆ ಬರುತ್ತಾ?"

ಪಕ್ಕದಲ್ಲಿದ್ದ ಗಿರಾಕಿ ಕೆಮ್ಮಿದಂತೆ ಮಾಡಿ ನಕ್ಕ. ಇವನು ಅಂಗಿ ಕೆಳಗೆ ಎಳೆದುಕೊಂಡು, "ಬರಲ್ಲ. ಇದು ಇಷ್ಟೇ," ಎಂದ. ಬದಲಾಯಿಸಿ ಹದಿನಾರರದ್ದು ಕೊಡು ಎಂದರೆ ಡಬ್ಬ ಬಿಚ್ಚಿದ್ದೀರಿ, ಆಗುವುದಿಲ್ಲ ಎಂದ. "ಡಬ್ಬ ಬಿಚ್ಚದೆ ಅಳತೆ ಹೇಗಯ್ಯ ತೆಗೀಲಿ? ಇದನ್ನ ಶುರು ಮಾಡೋ ಗುಂಡಿ ಎಲ್ಲಿದೆ ಅಂತಾನೂ ನಂಗೊತ್ತಿಲ್ಲ!" ಎಂದೆ. ಕೇಳಲಿಲ್ಲ. ನಾಳೆ ಮತ್ತೆ ಹೋಗುತ್ತೇನೆ. ಹೊಲಿಗೆ ಕೆಲಸವನ್ನೂ ಅಲ್ಲಿಗೇ ಒಯ್ಯುತ್ತೇನೆ, ಚಳಿಯಲ್ಲಿ ಕೂತು ಅಂಗಿಯ ಗುಂಡಿಗಳಿಗೆ ಕಾಜಾ ಹಾಕುತ್ತೇನೆ.

ಅದು ನನ್ನ ಪಾಡು. ಈಗ ನಿನ್ನದು.

"ಮುಂದೆ ಬೇಕಾಗುವುದಿಲ್ಲ" ಎಂದು ಬರೆದಿದ್ದೀಯ. ಎರಡನೇ ವರ್ಷಕ್ಕೆ ಹದಿನಾರು ಬೇಕು ಎಂದು ನಿನ್ನ ಮೇಷ್ಟರು ಹೇಳಿದ್ದನ್ನು ಬರೆದವಳೂ ನೀನೇ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಶಾಲೆ ಬಿಟ್ಟವಳು, ಬುದ್ಧಿ ಬಿಟ್ಟವಳಲ್ಲ. ಅಳತೆ ಕೊಡಲು ಬಂದವರು "ಮೈಗೆ ಸರಿಯಾಗಿ ಹೊಲೀರಿ, ಒಳಗೆ ಏನೂ ಬಿಡಬೇಡಿ" ಎಂದರೆ ನಾನು ಒಂದೇ ಪ್ರಶ್ನೆ ಕೇಳುವುದು: ಇದನ್ನು ಒಂದೇ ಸಲ ಹಾಕಿಕೊಳ್ಳುತ್ತೀರಾ? ನಿನ್ನನ್ನೂ ಅದೇ ಕೇಳುತ್ತಿದ್ದೇನೆ. ಒಂದೇ ವರ್ಷಕ್ಕೆ ಗಂಟುಮೂಟೆ ಕಟ್ಟಿಕೊಂಡು ಬರುವವಳಾ ನೀನು?

ನಿನಗೆ ಓದು ಹತ್ತುತ್ತಿಲ್ಲವೇ? ಯಾರಾದರೂ ಏನಾದರೂ ಅಂದರೇ? ಇಲ್ಲ, ಅಲ್ಲಿನ ಗಾಳಿಗೆ ಹೆದರಿ ಮನೆಯ ಮೂಲೆ ನೆನಪಾಯಿತೇ? ಹಾಗಿದ್ದರೆ ನೀನು ಇಷ್ಟು ಪುಕ್ಕಲಿ ಎಂದು ನನಗೆ ಗೊತ್ತಿರಲಿಲ್ಲ. ಕಾರಣ ಬರಿ. ಎಲ್ಲ ಚೆನ್ನಾಗಿದೆ ಎಂದು ತೇಪೆ ಹಾಕಬೇಡ. ತೇಪೆ ಯಾವುದು, ಬಟ್ಟೆ ಯಾವುದು ಎಂದು ನನಗೆ ಕಲಿಸಬೇಕಾಗಿಲ್ಲ.

ಅತ್ತೆ


ಜುಲೈ ೧೦

ಅತ್ತೆಯವರಿಗೆ,

ಬೇಗ ಉತ್ತರ ಬರೆಯಲಿಲ್ಲ. ಬರೆದಿದ್ದರೆ ಇನ್ನೂ ಕೆಟ್ಟದಾಗಿ ಬರೆಯುತ್ತಿದ್ದೆ.

ನಾನು ಪುಕ್ಕಲಿಯಲ್ಲ. ಓದು ಹತ್ತುತ್ತಿದೆ. ಹೋದ ವಾರ ಮೇಷ್ಟರು ನನ್ನ ಹಾಳೆಯನ್ನು ಗೋಡೆಗೆ ಹಚ್ಚಿಸಿದರು. ಮೂಲೆಯಲ್ಲಿ ನನ್ನ ಹೆಸರು ಇದೆ. ನಾನು ಬರೆದದ್ದಲ್ಲ, ಅವರೇ ಬರೆಸಿದ್ದು. ಹತ್ತೊಂಬತ್ತು ವರ್ಷದ ಮಕ್ಕಳು ನನ್ನನ್ನು ಅಕ್ಕ ಎಂದು ಕರೆದು ಗೆರೆ ತೋರಿಸಿಕೊಡಿ ಎಂದು ಬರುತ್ತಾರೆ. ಎರಡನೇ ವರ್ಷದವರು ಕಟ್ಟಡ ತಿರುಗಿಸುವುದನ್ನು ಕಿಟಕಿಯಲ್ಲಿ ನಿಂತು ನೋಡಿಬಂದಿದ್ದೇನೆ. ಅದನ್ನು ನೋಡಿದ ಮೇಲೂ ಎಂಟು ಸಾಕು ಎಂದು ಬರೆಯುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತಿಲ್ಲ. ಆದ್ದರಿಂದ ನನ್ನ ಅಳತೆ ತೆಗೆಯುವುದನ್ನು ದಯವಿಟ್ಟು ಬಿಡಿ.

ಪ್ರತಿ ಭಾನುವಾರ ನಿಮ್ಮ ಮಗ ಫೋನ್ ಮಾಡುತ್ತಾರೆ. ಗುಂಡಿ ಊಟ ಮುಟ್ಟುತ್ತಿಲ್ಲವಂತೆ. ನಿಮ್ಮ ಕಣ್ಣು ಮಂಜಾಗಿದೆಯಂತೆ, ಹೊಲಿಗೆ ಸೊಟ್ಟ ಹೋಗಿ ಗಿರಾಕಿಗಳು ಬಟ್ಟೆ ವಾಪಸು ತರುತ್ತಿದ್ದಾರಂತೆ. "ಅಮ್ಮ ಸಾಯೋವರೆಗೂ ಹೇಳಲ್ಲ, ನೀನೇ ಅರ್ಥ ಮಾಡ್ಕೋ," ಎನ್ನುತ್ತಾರೆ. ನೀವು ಬರೆದದ್ದನ್ನು ನಂಬಲೇ, ಅವರು ಹೇಳಿದ್ದನ್ನು ನಂಬಲೇ? ಕಷ್ಟವನ್ನು ಬಾಯಿಬಿಟ್ಟು ಹೇಳುವವರಲ್ಲ ನೀವು ಎಂದು ನನಗೂ ಗೊತ್ತು.

ಒಂದು ವರ್ಷ ಮುಗಿಸಿದರೆ ಒಂದು ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ತೆಗೆದುಕೊಂಡು ಬರುತ್ತೇನೆ. ತೀರ್ಮಾನವಾಗಿದೆ.

ಇನ್ನೊಂದು ಮಾತು ಕೇಳಿಯೇಬಿಡುತ್ತೇನೆ. ನಾನು ಹೊರಟ ದಿನ ಬಸ್ಸಿನ ಹತ್ತಿರ ಎಲ್ಲರೂ ಹೋಗಿ ಬಾ ಎಂದರು. ನೀವೊಬ್ಬರೇ "ಬೇಗ ಬಾ" ಎಂದಿರಿ. ಅದೂ ಎರಡು ಸಲ, ಗದರಿಸಿ. ದಾರಿಯುದ್ದಕ್ಕೂ ಅದೇ ಕಿವಿಯಲ್ಲಿತ್ತು. ಬೇಗ ಬಾ ಎಂದವರು ನೀವು, ಬರುತ್ತೇನೆ ಎಂದರೆ ಪುಕ್ಕಲಿ ಎನ್ನುವವರೂ ನೀವೇ.

ಸೊಸೆ


ಜುಲೈ ೧೪

ಸೊಸೆಗೆ,

ಕಾಗದದಲ್ಲಿ ಬೆಂಕಿ ಹಾಕಿ ಕಳಿಸಿದ್ದೀಯ. ಚೆನ್ನಾಗಿತ್ತು. ನಮಸ್ಕಾರ ಬಿಟ್ಟು ಬರೆದದ್ದು ಇನ್ನೂ ಚೆನ್ನಾಗಿತ್ತು.

ಮೊದಲು ಬಸ್ಸಿನ ವಿಷಯ. ಎಲ್ಲಿ ನಿಂತಿದ್ದೆ ನೀನು ಆಗ, ನೆನಪಿದೆಯಾ? ಬಸ್ಸಿನೆದುರು ನಮ್ಮ ಅಂಗಡಿಯ ಮೆಟ್ಟಿಲ ಮೇಲೆ, ಗುಂಡಿಯನ್ನು ತಬ್ಬಿಕೊಂಡು, ಲೋಕ ಮರೆತು. ಬಸ್ಸಿನವನು ಹೊರಡಿಸಿಯೇಬಿಟ್ಟಿದ್ದ. ನಾನು ನಿನ್ನ ಚೀಲ ಹೊತ್ತು ಬಸ್ಸಿನ ಬಾಗಿಲಿಗೆ ಒಂದು ಕಾಲು ಅಡ್ಡ ಇಟ್ಟು ನಿಂತಿದ್ದೆ. "ಬೇಗ ಬಾ, ಬೇಗ ಬಾ" ಎಂದು ಕೂಗದೆ ಏನು ಜೋಗುಳ ಹಾಡಲೇ? ಬಸ್ಸು ಹತ್ತಲು ಬೇಗ ಬಾ ಎಂದೆ ಕಣೇ! ನೀನು ಹೋಗಲಿ ಎಂದು ಕಾಲು ಅಡ್ಡ ಇಟ್ಟವಳನ್ನು, ವಾಪಸು ಕರೆದವಳು ಎಂದು ಹೊತ್ತುಕೊಂಡು ತಿರುಗುತ್ತಿದ್ದೀಯಲ್ಲ, ಓದಿದವಳಂತೆ ಓದಿದವಳು! ಬಾಗಿಲಿಗೆ ಸಿಕ್ಕಿ ಆ ಕಾಲಿನ ಹೆಬ್ಬೆರಳ ಉಗುರು ಕಪ್ಪಾಗಿ ಬಿದ್ದುಹೋಯಿತು. ಈಗ ಹೊಸದು ಇಣುಕುತ್ತಿದೆ.

ಇನ್ನು ನಿನ್ನ ಗಂಡ. ನಿನ್ನ ಕಾಗದ ಬಂದ ದಿನವೇ, ಅವನು ಊಟಕ್ಕೆ ಕೂತಾಗ, ಎದುರಿಗೆ ಕೂತೆ. ಪಕ್ಕದಲ್ಲಿ ಗುಂಡಿ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಳು.

"ಮಗು ಊಟ ಮುಟ್ಟಲ್ಲ ಅಂತ ಫೋನಲ್ಲಿ ಹೇಳಿದ್ಯಂತೆ?"

"ಒಂದು ದಿನ ಮುಟ್ಟಲಿಲ್ಲಮ್ಮ."

"ಅವತ್ತು ಅಡುಗೆ ನಿಂದು. ನಾನೂ ಮುಟ್ಟಲಿಲ್ಲ."

ಗುಂಡಿ ಬಾಯಲ್ಲಿದ್ದುದನ್ನೆಲ್ಲ ಉಗುಳಿಕೊಂಡು ನಕ್ಕಳು. ಆಮೇಲೆ ಸೂಜಿ, ದಾರ ತಂದು ಅವನ ತಟ್ಟೆಯ ಪಕ್ಕ ಇಟ್ಟೆ. ಪೋಣಿಸು ಎಂದೆ. ಮೂತಿ ಚೂಪು ಮಾಡಿ, ದಾರಕ್ಕೆ ಎಂಜಲು ಹಚ್ಚಿ ಹಚ್ಚಿ ಸೋತ. ನಾನು ಕಿತ್ತುಕೊಂಡು ಪೋಣಿಸಿ, ಅವನ ಅಂಗಿಯ ತೋಳಿಗೇ ಚುಚ್ಚಿ ನಿಲ್ಲಿಸಿದೆ. ಬಟ್ಟೆ ವಾಪಸು ಬಂದದ್ದು ನಿಜ, ಅದೂ ಒಂದೇ. ಅದು ಅವನ ಗೆಳೆಯನದು. ಅಳತೆ ಕೊಟ್ಟ ಮೇಲೆ ಹೊಟ್ಟೆ ಬೆಳೆಸಿಕೊಂಡು ಬಂದು ನನ್ನ ಹೊಲಿಗೆಗೆ ಹೆಸರಿಟ್ಟ.

ಸೂಜಿಯನ್ನು ತೋಳಿಂದ ಕಿತ್ತು ತಟ್ಟೆಯ ಪಕ್ಕ ಇಟ್ಟು ಕೇಳಿದ. "ಅವಳು ಎರಡು ವರ್ಷ ಓದಿ ಅಷ್ಟು ಮುಂದೆ ಹೋದ್ರೆ, ನಾನು ಏನಾಗ್ತೀನಮ್ಮ?"

"ಈಗ ಏನಾಗಿದ್ದೀಯೋ ಅದೇ. ಎದ್ದು ತಟ್ಟೆ ತೊಳಿ."

ತೊಳೆದ. ಮೂವರದ್ದೂ. ಅವನು ಕೆಟ್ಟವನಲ್ಲ, ಹೆದರಿದವನು. ಹೆದರಿಕೆಗೆ ಮಗುವಿನ ತಟ್ಟೆಯನ್ನೂ ನನ್ನ ಕಣ್ಣನ್ನೂ ಅಡ್ಡ ಹಿಡಿದ, ಅದಕ್ಕೆ ಇನ್ನೊಂದಷ್ಟು ದಿನ ನಿನ್ನ ಗಂಡನಾಗಿಯೇ ಇರಲಿ. ಈ ಭಾನುವಾರ ಅವನು ಫೋನ್ ಮಾಡಿದರೆ ಅವನ ಹೆದರಿಕೆಯನ್ನು ಅವನ ಬಾಯಿಂದಲೇ ಕೇಳು. ಆದರೆ ಅದನ್ನು ನಿನ್ನ ತಲೆಯ ಮೇಲೆ ಹೊತ್ತುಕೊಳ್ಳಬೇಡ.

ಅಂಗಡಿಯ ಕಥೆ ಕೇಳು. ನಾಲ್ಕು ದಿನ ಹೋಗಿ ಕೂತೆ. ಗಾಜಿನ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಮಡಿಲಲ್ಲಿ ಬಟ್ಟೆ ಹರಡಿಕೊಂಡು. ಬಂದ ಗಿರಾಕಿಗಳಿಗೆಲ್ಲ, "ಮೆಮೊರಿ ಅಂದ್ರೆ ಮೇಜೋ ಕಪಾಟೋ ಕೇಳಿ ತಗೊಳ್ಳಿ" ಎಂದೆ. ಮೂರನೇ ದಿನ ಒಂದು ಹುಡುಗಿ ಕೇಳಿಯೇಬಿಟ್ಟಳು, ಆ ಮನುಷ್ಯ ತಡವರಿಸಿದ. ನಾಲ್ಕನೇ ದಿನ ಮಾಲೀಕನೇ ಬಂದ. ಲ್ಯಾಪ್‌ಟಾಪನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಒಂದು ಗೆರೆಯೂ ಬಿದ್ದಿಲ್ಲ ಎಂದು ಒಪ್ಪಿಕೊಂಡ. ಹೋದ ವರ್ಷದ ಮಧ್ಯಮ ಪ್ರೊಸೆಸರಿನದು, ಮೆಮೊರಿ ಹದಿನಾರರದು ಒಂದೇ ಒಂದು ಉಳಿದಿದೆಯಂತೆ. ಸ್ವಲ್ಪ ದಪ್ಪ, ನೋಡಲು ಅಷ್ಟು ಥಳುಕಿಲ್ಲ. ಅದನ್ನು ಎತ್ತಿ ಇಟ್ಟಿದ್ದಾನೆ. ಇಪ್ಪತ್ತಾರನೇ ತಾರೀಖು ಬೆಳಿಗ್ಗೆ ಹೋಗಿ ಎಂಟರದ್ದನ್ನು ಕೊಟ್ಟು ಅದನ್ನು ತರಬಹುದು. ಅದು ತಪ್ಪಿದರೆ ಬೇರೆಯವರಿಗೆ ಮಾರುತ್ತಾನೆ. ಅದಕ್ಕೂ ನಾನು ಒಂದು ಪ್ರಶ್ನೆ ಕೇಳಿದೆ. ಒಳಗೆ ಇನ್ನೊಂದು ತುಂಡು ಮೆಮೊರಿ ಕೂರಿಸಲು ಜಾಗ ಬಿಟ್ಟಿದ್ದಾರಂತೆ. ಹಿಂದಿನ ತಿರುಪು ಬಿಚ್ಚಿ ತೋರಿಸು ಎಂದೆ, ತೋರಿಸಿದ. ಖಾಲಿ ಜಾಗ. ನೋಡಿ ಹೊಟ್ಟೆ ತಣ್ಣಗಾಯಿತು.

ಆ ಅಂಗಡಿಯ ಮನುಷ್ಯನ ಕಾಲರನ್ನೂ ಬಿಚ್ಚಿ ಸರಿ ಮಾಡಿ ಕೊಟ್ಟೆ. ನಾಲ್ಕು ದಿನ ಅದನ್ನೇ ನೋಡುತ್ತ ಕೂರಲು ನನ್ನಿಂದ ಆಗಲಿಲ್ಲ.

ಚೀಲ ಮುಗಿದಿದೆ. ಗುಂಡಿ ಆರಿಸಿದ್ದು ಕೆಂಪು ಗುಂಡಿ, ನೀಲಿಗೆ ಒಪ್ಪುವುದಿಲ್ಲ, ಆದರೂ ಅದನ್ನೇ ಹಾಕಿದ್ದೇನೆ. ಮೊದಲ ದಿನವೇ ಒಳಗೆ ಬಟ್ಟೆ ಬಿಟ್ಟು ಕತ್ತರಿಸಿದ್ದೆ. ತೆಳ್ಳಗಿನದು ಬಂದರೂ ಹಿಡಿಯುತ್ತದೆ, ದಪ್ಪದ್ದು ಬಂದರೆ ಒಂದು ಹೊಲಿಗೆ ಬಿಚ್ಚಿದರಾಯಿತು.

ನಿನ್ನ ಪರವಾಗಿ ನಾನು ಆರಿಸುವುದಿಲ್ಲ. ಅಳತೆ ತೆಗೆಯಬೇಡಿ ಎಂದಿದ್ದೀಯ, ಬಿಟ್ಟಿದ್ದೇನೆ. ಎಂಟು ಎಂದು ಬರೆದರೆ ಎಂಟನ್ನೇ ಕಳಿಸುತ್ತೇನೆ, ಒಂದು ಮಾತೂ ಆಡುವುದಿಲ್ಲ, ವರ್ಷ ಮುಗಿಸಿ ಬಂದರೆ ಬಾಗಿಲು ತೆರೆದೇ ಇರುತ್ತದೆ. ಆದರೆ ಅದಕ್ಕೆ ಕಾರಣ ಎಂದು ಗುಂಡಿಯ ಊಟ, ನನ್ನ ಕಣ್ಣು, ಬಸ್ಸಿನ ಬಾಗಿಲು, ಈ ಮೂರರಲ್ಲಿ ಯಾವುದನ್ನೂ ಬರೆಯಕೂಡದು. ಅವು ಮೂರೂ ಸುಳ್ಳಾದವು. ನಿನ್ನ ಸ್ವಂತದ್ದೊಂದು ಕಾರಣ ಇದ್ದರೆ ಬರಿ. ಇಲ್ಲದಿದ್ದರೆ ಇನ್ನೊಂದು ಸಂಖ್ಯೆ ಬರಿ.

ನಮಸ್ಕಾರ ಬೇಡ, ಕ್ಷೇಮ ಸಮಾಚಾರ ಬೇಡ. ಎಂಟೋ, ಹದಿನಾರೋ? ಇಪ್ಪತ್ತೈದನೇ ತಾರೀಖಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಅತ್ತೆ